ಸಾರ್ವಜನಿಕರೊಬ್ಬರು

ನೋಟೀಸಿನ ಮೇಲೆ ಪಿ.ಜಿ.ಯೊಂದರ ಜಾಹೀರಾತು ಅಂಟಿತ್ತು.
ಉಗುರಲ್ಲಿ ಕೆರೆದು ಓದಿದೆ:
ವಸತಿ ವಿನ್ಯಾಸ, ಎರಡನೇ ಹಂತ,
ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನದೊಳಗೆ.
ಇಪ್ಪತ್ತಾರು ಆಗಲೇ ಕಳೆದಿತ್ತು.

ನಾನು ಕಗ್ಗಲಸಂದ್ರದ ವಾಲ್ವ್‌ಮನ್. ಗುತ್ತಿಗೆ ನೌಕರ.
ತಾತ ಮುನಿಯಲ್ಲಪ್ಪ ಇದೇ ಊರಿನ ನೀರುಗಂಟಿ.
ಕೊನೆಯ ಗದ್ದೆಗೆ ನೀರು ಮುಟ್ಟಿಸದೆ ಮನೆಗೆ ಬಂದರೆ
ಅಜ್ಜಿ ಮುದ್ದೆ ಇಕ್ಕುತ್ತಿರಲಿಲ್ಲವಂತೆ.
ಕೆರೆ ಅರ್ಧ ತುಂಬಿದ ವರ್ಷ
ಊರನ್ನೆಲ್ಲ ಏರಿಯ ಮೇಲೆ ಕೂರಿಸಿ ಕೇಳುತ್ತಿದ್ದ:
ಇರೋದು ಇಷ್ಟು. ಎಷ್ಟು ಗದ್ದೆ ನಾಟಿ ಮಾಡೋಣ?
ಬೈಗುಳ, ಜಗಳ, ಒಂದೆರಡು ಸಲ ಚಪ್ಪಲಿ.
ಆಮೇಲೇ ನಾಟಿ.

ಈಗ ನಾಟಿ ಮೊದಲು.
ಮೂವತ್ತು-ನಲವತ್ತರ ಮಡಿಗಳಲ್ಲಿ ಕಂಬಿ ಮೊಳೆಯುತ್ತದೆ,
ಮೂರಂತಸ್ತಿಗೆ ಒಪ್ಪಿಗೆ, ಐದನೆಯದರಲ್ಲಿ ಹಾಲು ಉಕ್ಕಿಸುತ್ತಾರೆ.
ಮೊದಲ ಹಂತ ಕಾಗದದಲ್ಲಿ ಇನ್ನೂರ ಹನ್ನೆರಡು ಮನೆ.
ನಸುಕಿನಲ್ಲಿ ಅಡ್ಡರಸ್ತೆಗಳಲ್ಲಿ ನಡೆಯುತ್ತ
ಕುಕ್ಕರಿನ ಶಿಳ್ಳೆಗಳಲ್ಲಿ ಎಣಿಸಿದ್ದೇನೆ ನಾನು:
ಐನೂರ ತೊಂಬತ್ತು ಒಲೆ.

ಇಪ್ಪತ್ತೆಂಟನೇ ದಿನ ಸಭೆ.
ಗೋಡೆಯ ಮೇಲೆ ನಕ್ಷೆ. ಹಸಿರು ಅಂದರೆ ಉದ್ಯಾನ
(ಅಲ್ಲೀಗ ಎರಡು ಟ್ರಾನ್ಸ್‌ಫಾರ್ಮರು, ಸೈಟು ಮಾರುವವರ ತಗಡಿನ ಆಫೀಸು),
ನೀಲಿ ಅಂದರೆ ರಾಜಕಾಲುವೆ.
ಫಿಲೋಮಿನಾ ಮಿಸ್ಸು ಭೂತಗನ್ನಡಿ ತಂದಿದ್ದರು.
ಮೂವತ್ತೊಂದು ವರ್ಷ ಮಕ್ಕಳ ನಕಾಶೆ ತಿದ್ದಿದ ಕಣ್ಣು.
"ಸರ್, ಈ ಕಾಲುವೆ ಇಲ್ಲಿ ನಿಂತು ಅಲ್ಲಿ ಶುರುವಾಗುತ್ತೆ.
ನಡುವೆ ನೀರು ಹಾರಿಕೊಂಡು ಹೋಗುತ್ತಾ?"
ಅಧಿಕಾರಿ ಕೆಟ್ಟವರಲ್ಲ. ಅವರಿಗೂ ನಗು ಬಂತು.
"ಟ್ರೇಸಿಂಗ್‌ನಲ್ಲಿ ಅಳಿಸಿರಬೇಕು, ಮೇಡಂ."

ನಾನು ಕೈಯೆತ್ತಿದೆ.
"ಮುಖ್ಯ ಕೊಳವೆ ಆರಿಂಚು ಅಂತ ಬರೆದಿದೆ. ಅದು ಮೂರು."
ನಿಮ್ಮದು ಯಾವ ಸೈಟು?
ಸೈಟಿಲ್ಲ ಸರ್.
ಸಂಘದವರಾ?
ಅಲ್ಲ.
ಮತ್ತೆ?
ಕಿಟಕಿಯ ಬಳಿ ನನ್ನ ಗುತ್ತಿಗೆದಾರ ಮೊಬೈಲು ನೋಡುತ್ತ ಕೂತಿದ್ದ.
"ಸಾರ್ವಜನಿಕ" ಅಂದೆ.
ದಾಖಲೆ ಏನಿದೆ ಅಂದರು.
ಕೆಸರಿಗಿಳಿದು ತಡವಿದ ಅಂಗೈಯನ್ನು
ಯಾವ ಅನುಬಂಧದಲ್ಲಿ ಲಗತ್ತಿಸಲಿ?
ಗುಮಾಸ್ತೆ ಬರೆದುಕೊಂಡಳು:
ಸಾರ್ವಜನಿಕರೊಬ್ಬರು ಕೊಳವೆಯ ಕುರಿತು ಮಾತನಾಡಿದರು.
ಆ ಸಾಲಿನಲ್ಲಿ ಇಂಚು ಇರಲಿಲ್ಲ.

ರಾತ್ರಿ ಎರಡೂವರೆ, ನಾಲ್ಕನೇ ಅಡ್ಡರಸ್ತೆಯ ಗುಂಡಿ.
ಮುಚ್ಚಳ ಸರಿಸಿ ನೋಡುತ್ತೇನೆ,
ಶಾಲು ಹೊದ್ದು ಮಿಸ್ಸು ಬಂದಿದ್ದಾರೆ, ಟಾರ್ಚು ಹಿಡಿದು,
ಹಿಂದೆ ಟೈಲರ್ ಸಾದಿಕ್ ಸಾಬರು,
ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿದೆ.
ತೋರಿಸು ಅಂದರು.
ನಾನು ಕೆಸರು ಒರೆಸಿದೆ.
ಸಾಬರು ಗುಂಡಿಯಂಚಿಗೆ ಮಂಡಿಯೂರಿ,
ದಶಕಗಳ ಅಭ್ಯಾಸ, ಟೇಪು ಸುತ್ತಿ ಕೂಗಿದರು: ಹನ್ನೊಂದು!
ಮಿಸ್ಸು ಮನಸ್ಸಿನಲ್ಲೇ ಭಾಗಿಸಿದರು.
"ಅಡ್ಡಳತೆ ಮೂರೂವರೆ. ಕಬ್ಬಿಣದ ದಪ್ಪ ಕಳೆದರೆ ಮೂರು."
"ರವಿಕೆ ತೋಳಿನ ಅಳತೆ ಇದು," ಅಂದರು ಸಾಬರು.
"ಇದರೊಳಗೆ ಇನ್ನೂ ನಾನೂರು ಮನೆ ತೂರಿಸ್ತಾರಾ?"
ಯಾರೂ ನಗಲಿಲ್ಲ. ಎಲ್ಲೋ ನಾಯಿ ಕೆಮ್ಮಿತು.

ಮಿಸ್ಸಿನ ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ
ದಿನಾಂಕ, ಗುಂಡಿಯ ಗುರುತು, ಸುತ್ತಳತೆ.
ಕೆಳಗೆ ಅವರ ಸಹಿ. ಸಾಬರ ಸಹಿ.
ಪೆನ್ನು ನನ್ನ ಕಡೆ ಬಂತು.
"ಪೂರ್ತಿ ಹೆಸರು ಬರಿ. ಸಾರ್ವಜನಿಕ ಅಂತ ಬೇಡ."

ಗಡುವಿಗೆ ಒಂದು ದಿನ ಇತ್ತು.
ನನ್ನ ಗುತ್ತಿಗೆಗೆ ಮಾರ್ಚ್‌ವರೆಗೆ ಇತ್ತು.
ಮೊದಲು ನೀರು ಬಿಡ್ತೀನಿ ಮಿಸ್, ಅಂದೆ.
ಕೀಲಿ ಇಳಿಸಿ ತಿರುಗಿಸಿದೆ, ಇಪ್ಪತ್ತೆರಡು ಸುತ್ತು.
ಕೊನೆಯ ಅಡ್ಡರಸ್ತೆಗೆ ನೀರು ಮುಟ್ಟಲು
ಮುಕ್ಕಾಲು ಗಂಟೆ ಬೇಕು.
ಅಷ್ಟು ಹೊತ್ತೂ ಅವರು ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು,
ಪೆನ್ನಿನ ಮುಚ್ಚಳ ಹಾಕದೆ.