ಹಿಂದಿನ ಕನ್ನಡಿ

ಊದಿನೆಯಿಂದ ಬಂದ ಲೋಷನ್ ಮಾರುವವ
ಡಜನ್ ಬಾಟಲಿಗೆ ಒಂದರಂತೆ ಪುಕ್ಕಟೆ ಕೊಟ್ಟ ಪಟ:
ಏಳು ತಲೆ, ಎಲ್ಲವೂ ಎಡಕ್ಕೆ ತಿರುಗಿವೆ,
ಒಂದಕ್ಕೂ ಕಣ್ಣಿಲ್ಲ, ಬಾಯಿಲ್ಲ,
ಕೆಳಗೆ ನಂಬರು ಮಾತ್ರ.
ತ್ರಿಯೆಸ್ತೆಯ ನನ್ನ ಅಂಗಡಿಯಲ್ಲಿ, ನಲ್ಲಿಯ ಮೇಲ್ಗಡೆ,
ಉಪ್ಪುಗಾಳಿಗೆ ಹಳದಿಯಾಗುತ್ತ
ಮೂವತ್ತೈದು ವರ್ಷದಿಂದ ನೇತಾಡುತ್ತಿದೆ.

ಕುರ್ಚಿಗೆ ಕೂತವರು ಮೊದಲು ಅದನ್ನೇ ನೋಡುವರು,
ತಮ್ಮನ್ನು ಹುಡುಕಿಕೊಂಡು
ಒಂದು ಮೆಟ್ಟಿಲು ಹಿಂದೆಯೇ ನಿಲ್ಲುವರು.
ಮೂರು ಅನ್ನುವವನು ನಾಲ್ಕು.
ನಾಲ್ಕು ಅನ್ನುವವನ ಬಗ್ಗೆ ನಾನು ಮಾತಾಡುವುದಿಲ್ಲ.

ಎಲ್ವಿಯೊ ಫುರ್ಲಾನ್, ಬಂದರಿನಲ್ಲಿ ಕ್ರೇನ್ ನಡೆಸುವವ,
ಮೊದಲ ಸಲ ಬಂದಾಗ ಇಪ್ಪತ್ತೆರಡು.
ಬಾಚಣಿಗೆಯ ಹಲ್ಲು ಮುರಿಯುವಂಥ ಕಪ್ಪು ಕಾಡು.
ಹಣೆಯ ಎರಡು ಮೂಲೆಯಲ್ಲಿ ಮಾತ್ರ
ಕಡಲು ಒಳಗೆ ಬರಲು ಜಾಗ ಕೇಳುತ್ತಿತ್ತು, ಆಗಲೇ.
ಅವನಿಗೆ ಗೊತ್ತಿರಲಿಲ್ಲ, ನನ್ನ ಬೆರಳಿಗೆ ಗೊತ್ತಿತ್ತು.
ಉದುರುವ ಮುಂಚೆ ಕೂದಲು ಸಣ್ಣಗಾಗುತ್ತದೆ,
ಹಗ್ಗ ನೂಲಾಗಿ, ನೂಲು ಎಳೆಯಾಗಿ,
ಎಳೆ ಹಸುಗೂಸಿನ ಕಿವಿಯ ತುಪ್ಪುಳವಾಗಿ.
ಬುಡ ಅಲ್ಲೇ ಇರುತ್ತದೆ; ಹೊರಗೆ ಬರುವುದು ಮಾತ್ರ
ಪ್ರತಿ ಸಲ ಇನ್ನಷ್ಟು ಸಂಕೋಚದಿಂದ.

ಮದುವೆಯ ಹೊತ್ತಿಗೆ ಎರಡು ಕೊಲ್ಲಿ, ನಡುವೆ ಒಂದು ಭೂಶಿರ.
ಹಣೆಬರಹ ಉದ್ದವಿತ್ತೇನೋ,
ಬರೆಯುವವನು ಇನ್ನಷ್ಟು ಜಾಗ ಮಾಡಿಕೊಂಡ.
ಮಗ ಹುಟ್ಟಿದ ವರ್ಷ ನೆತ್ತಿಯ ಸುಳಿಯಲ್ಲಿ ಒಂದು ಕೊಳ,
ಕಾಫಿ ಕಪ್ಪಿನ ಬಾಯಷ್ಟು.
ಮುಂದಿನದು ಅವನಿಗೇ ಕಾಣುತ್ತಿತ್ತು.
ಹಿಂದಿನದಕ್ಕೆ ನಾನು.

ಕ್ಷೌರ ಮುಗಿದ ಮೇಲೆ ಕತ್ತಿನ ಹಿಂದೆ
ದುಂಡು ಕನ್ನಡಿ ಹಿಡಿಯುವುದು ನಮ್ಮ ಕಸುಬಿನ ಮರ್ಯಾದೆ.
ಅಂದು, ಯಾಕೋ, ಹಿಡಿಯಲಿಲ್ಲ.
ಬ್ರಷ್ಷಿನಿಂದ ಕತ್ತು ಝಾಡಿಸಿ, ಬಟ್ಟೆ ಕೊಡವಿ
ಮುಗೀತು ಅಂದೆ.
ಅವನೂ ಕೇಳಲಿಲ್ಲ.
ಹದಿನೇಳು ವರ್ಷ ಆ ಮೌನವನ್ನು ಇಬ್ಬರೂ
ಒಂದು ಕೂದಲೂ ಕೊಂಕದಂತೆ ಕಾಪಾಡಿದೆವು.

ಬೋರಾ ಕಾಪಾಡಲಿಲ್ಲ.
ಚಳಿಗಾಲದಲ್ಲಿ ಗುಡ್ಡದಿಂದ ಇಳಿಯುವ ನಮ್ಮೂರ ಗಾಳಿ,
ಮುದುಕಿಯರು ದೀಪದ ಕಂಬ ತಬ್ಬಿ ನಿಲ್ಲುವ ಗಾಳಿ.
ಒಂದು ಫೆಬ್ರವರಿ, ಮೀನಿನಂಗಡಿಯ ಮುಂದೆ,
ಎಡಗಿವಿಯಿಂದ ಬಲಗಿವಿಗೆ ಅವನು ಜತನವಾಗಿ ಹಾಸಿದ್ದ
ಗೇಣುದ್ದದ ಜಂಬವನ್ನು
ಬಾವುಟದ ಹಾಗೆ ಎತ್ತಿ ಹಿಡಿಯಿತು.
ಹೆಂಡತಿ ನೀವೆಸ್ ನಗಲಿಲ್ಲ.
ಕೈಚೀಲ ಕೆಳಗಿಟ್ಟು ಅದನ್ನು ಹಿಡಿದುಕೊಂಡು,
"ದಿನಾ ನನ್ನ ಪಕ್ಕದ ದಿಂಬಿನ ಮೇಲೆ ಇದೇ ತಲೆ, ಎಲ್ವಿಯೊ,
ಯಾರಿಂದ ಮುಚ್ಚಿಡ್ತಿದ್ದೀಯ?" ಅಂದಳಂತೆ.
ಮರುದಿನ ಬಂದು "ತೆಗೆದುಬಿಡು" ಅಂದ.
ತೆಗೆದೆ. ಐದು ನಿಮಿಷದ ಕೆಲಸ.
ಹಣ ಪೂರ್ತಿ ತಗೊಂಡೆ.

ಪಟದ ಏಳನೆಯ ತಲೆಯಲ್ಲಿ ಕಿವಿಯಿಂದ ಕಿವಿಗೆ ಬರೀ ಕುದುರೆಲಾಳ.
ಆರಕ್ಕೂ ಅದಕ್ಕೂ ಕೂದಲೆಳೆಯ ಅಂತರ,
ದಾಟಲು ಅವನಿಗೆ ಒಂಬತ್ತು ವರ್ಷ ಹಿಡಿಯಿತು.

(ನನ್ನ ತಲೆಯ ಮಾತು ಬೇಡ. ಎಪ್ಪತ್ತೊಂದಕ್ಕೂ ಅನ್ಯಾಯದಷ್ಟು ದಟ್ಟ.
ಅದಕ್ಕಾಗಿ ನನ್ನನ್ನು ಕ್ಷಮಿಸದ ಗಿರಾಕಿಗಳಿದ್ದಾರೆ.)

ಕಳೆದ ಶನಿವಾರ ಮಗನನ್ನು ಕರೆತಂದ. ಇಗೋರ್, ಇಪ್ಪತ್ತಾರು.
ಹುಡುಗ ಪಟ ನೋಡಿ "ನಾನು ಎರಡು" ಅಂದ.
"ಅಮ್ಮನ ಅಪ್ಪನಿಂದ ಬಂದದ್ದು" ಅಂತಲೂ ಸೇರಿಸಿದ,
ಅಪ್ಪನ ತಲೆ ಪಕ್ಕದಲ್ಲೇ ಮಿರಮಿರ ಅನ್ನುತ್ತಿದ್ದರೂ.
ನಾನು ಕತ್ತರಿ ನಿಲ್ಲಿಸಲಿಲ್ಲ.
ಸುಳಿಯ ಹತ್ತಿರ ಬೆರಳಿಗೆ
ಆ ಹಳೆಯ ತುಪ್ಪುಳ ಸಿಕ್ಕಿತು.
ಮುಗಿಸಿ, ಅಭ್ಯಾಸಬಲ, ಬ್ರಷ್ ಎತ್ತಿಕೊಂಡೆ.

ಎಲ್ವಿಯೊ ಎದ್ದ.
ಮೊಳೆಗೆ ತೂಗಿದ್ದ ದುಂಡು ಕನ್ನಡಿ ತಾನೇ ತೆಗೆದು
ಅಂಗಿಯ ತೋಳಿನಿಂದ ಧೂಳು ಒರೆಸಿ
ಮಗನ ಕತ್ತಿನ ಹಿಂದೆ ಹಿಡಿದ.
"ನೋಡ್ಕೋ. ಇದು ಮೂರು."
ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ,
"ನನಗೆ ಗೊತ್ತಿತ್ತು ಕಣಯ್ಯಾ ಮರೀನೊ.
ಕ್ರೇನಿನ ಮೇಲಿಂದ ದಿನವಿಡೀ
ಊರವರ ನೆತ್ತಿ ನೋಡುವವನು ನಾನು.
ನನ್ನದೊಂದೇ ಬೇರೆ ಇರುತ್ತೆ ಅಂತ ನಂಬೋಕೆ
ಮಗುವೇನು?"

ಹುಡುಗ ಏನೂ ಅನ್ನಲಿಲ್ಲ.
ಸ್ವಲ್ಪ ಹೊತ್ತಿನ ಮೇಲೆ,
"ಇನ್ನೂ ಚೂರು ಎಡಕ್ಕೆ ಹಿಡಿ, ಅಪ್ಪ" ಅಂದ.