ಕುಳ್ಳನನ್ನು ಒಪ್ಪಿಸಿ ಹೋಗುವಾಗ

ಡಾರ್ಟಾ, ಹಿಡಿ. ಇದು ಶೆಡ್ಡಿನ ಕೀಲಿ, ತುಕ್ಕು ಹಿಡಿದದ್ದು,
ಎಡಕ್ಕೆ ಎರಡು ಸುತ್ತು, ಆಮೇಲೆ ಒಂದು ಬೈಗುಳ.
ನಾಳೆ ಎಂಟರ ರೈಲಿಗೆ ನಾನು ರೀಗಾಕ್ಕೆ.
ಬೀಗದ ಕೀಲಿ ನಿನಗೆ, ಸೊಂಟದ ಕೀಲು ಡಾಕ್ಟರಿಗೆ.
ಹಿಮ ಕರಗುವವರೆಗೆ ಈ ಅಂಗಳ ನಿನ್ನದು.

ಬೆಕ್ಕು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.
ಹೇಳಬೇಕಾದದ್ದು ಇವನ ಬಗ್ಗೆ,
ಬಾವಿಯ ಪಕ್ಕ ಕವುಚಿಟ್ಟ ಲಾಳಿಕೆಯ ಹಾಗೆ
ನಿಂತಿದ್ದಾನಲ್ಲ, ಈ ಕುಳ್ಳ ಸ್ಪ್ರೂಸ್.
ಇಪ್ಪತ್ತೆರಡು ವರ್ಷ, ಇನ್ನೂ ನನ್ನ ಭುಜದ ಮಟ್ಟ.
ನೀನೇ ಎಷ್ಟೆತ್ತರ ಅಂತ ನಗಬೇಡ.
ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ನನ್ನದಿದ್ದಾಗ
ನಿಂತ ಜನರ ನಡುವೆ
ಟೋಪಿಯೊಂದೇ ನಡೆದು ಬರುತ್ತಿತ್ತಂತೆ.

ನೆಲ ಹೆಪ್ಪುಗಟ್ಟುವ ಮೊದಲು ಬುಡಕ್ಕೆ ನೀರು ಕೊಡು,
ಕೊಡಗಟ್ಟಲೆ ಕೊಡು. ಮಳೆ ಬಂತಲ್ಲ ಅನ್ನಬೇಡ,
ಇವನ ಮೈ ಛತ್ರಿಯಷ್ಟು ದಟ್ಟ,
ಹನಿಯೆಲ್ಲ ಹೊರಗೇ ಜಾರುತ್ತದೆ.
ಹಿಮ ಹೆಚ್ಚು ಕೂತರೆ ಪೊರಕೆಯಿಂದ ಬಡಿಯಬೇಡ,
ಕೆಳಗಿನಿಂದ ಮೇಲಕ್ಕೆ, ಮಗುವಿನ ತಲೆ ಒರೆಸುವ ಹಾಗೆ.
ಯೂರಿಸನ ನಾಯಿ ಕಾಲೆತ್ತಲು ಬಂದರೆ ಕಲ್ಲು ಎಸೆ.
ಯೂರಿಸ್ ಬಂದರೂ ಎಸೆ.

ಜನವರಿಗೆ ಹೆದರಬೇಡ, ಅದು ಇವನ ತವರಿನ ಚಳಿ.
ಕಳ್ಳ ಬರುವುದು ಮಾರ್ಚ್‌ನಲ್ಲಿ:
ಬಿಸಿಲು.
ನೆಲ ಇನ್ನೂ ಕಲ್ಲು, ಬೇರಿಗೆ ಗುಟುಕು ನೀರಿಲ್ಲ,
ಸೂಜಿಯೆಲೆಗೆ ಮಾತ್ರ ಬೆಚ್ಚಗೆ, ಬಾಯಾರಿಕೆ.
ತೆಂಕಣ ಮಗ್ಗುಲು ವಾರದಲ್ಲೇ ಕಂದು.
ಆಲೂಗಡ್ಡೆಯ ಗೋಣಿತಾಟು ಶೆಡ್ಡಿನಲ್ಲಿದೆ, ಮರೆ ಕಟ್ಟು.
ಆಗ ಶಾಲು ಹೊದ್ದು ಬಸ್ಸಿಗೆ ಕಾದ
ಮುದುಕಿಯ ಹಾಗೆ ಕಾಣುತ್ತಾನೆ.
ಕತ್ತಲಲ್ಲಿ ನಾನೇ ಎರಡು ಸಲ
ಶುಭಸಂಜೆ ಹೇಳಿದ್ದೇನೆ.

ಏಪ್ರಿಲ್ ಕೊನೆಗೂ ನಾನು ಬರದಿದ್ದರೆ
ಬಿಳಿ ಕಾಗದ ಹಿಡಿದು ಕೊಂಬೆ ತಟ್ಟು.
ಉದುರಿದ ಧೂಳು ನಡೆದಾಡಿದರೆ
ಅದು ಧೂಳಲ್ಲ, ನುಸಿ. ನೀರಿನ ಪೈಪು ಜೋರಾಗಿ ಬಿಡು.

ಇನ್ನೊಂದು. ಇದನ್ನು ಚೀಟಿಯಲ್ಲಿ ಬರೆದಿಲ್ಲ.
ಇವನ ಮೂಲ, ಎಲ್ಲೋ ದೂರದ ಕಾಡಿನಲ್ಲಿ
ಬೆಳೆಯುವುದನ್ನು ಮರೆತ ಒಂದು ಗಿಡವಂತೆ.
ಊರೂರಿನ ಅಂಗಳದಲ್ಲಿ ನಿಂತವೆಲ್ಲ
ಅದರದೇ ಟಿಸಿಲು, ಟಿಸಿಲಿನ ಟಿಸಿಲು.
ಮರೆವನ್ನು ಕಡ್ಡಿಯಿಂದ ಕಡ್ಡಿಗೆ
ದಾಟಿಸಿಕೊಂಡು ಬಂದಿದ್ದಾರೆ ಮಾಲಿಗಳು.

ಆದರೆ ಒಮ್ಮೊಮ್ಮೆ ನೆನಪಾಗಿಬಿಡುತ್ತದೆ.
ಒಂದು ವಸಂತ ಈ ಒತ್ತು ಹಸಿರಿನೊಳಗಿಂದ
ಒರಟು ಎಲೆಯ, ನೆಟ್ಟನೆಯ ಕೊಂಬೆಯೊಂದು ಚಾಚಿತು,
ತರಗತಿಯಲ್ಲಿ ಎತ್ತಿದ ಕೈಯ ಹಾಗೆ.
ಬುಡಕ್ಕೇ ಕತ್ತರಿಸಿ, ತಡಮಾಡಬೇಡಿ, ಅನ್ನುತ್ತದೆ ಪುಸ್ತಕ.
ತಡಮಾಡಿದೆ.
ಕುಳ್ಳ ನಾಲ್ಕು ವರ್ಷ ಬೆಳೆದಷ್ಟನ್ನು
ಅದು ಒಂದೇ ಬೇಸಿಗೆಯಲ್ಲಿ ಬೆಳೆಯಿತು.
ತಂಗಿ ಮಿರ್ಡ್ಜಾ ಬಂದವಳು ಅಂದಳು:
ಮರ ಅಂದರೆ ಇದು, ಉಳಿದದ್ದು ನಿನ್ನ ಗೊಂಬೆ.
ಆ ಮಧ್ಯಾಹ್ನ ಅವಳಿಗೆ ಕಾಫಿ ಕೊಡಲಿಲ್ಲ.

ಮರುವರ್ಷ ಆ ಮಗ್ಗುಲು ಸೊರಗಿತು.
ಮನೆಮಂದಿಯ ಊಟವೆಲ್ಲ ಅವನೊಬ್ಬನೇ ಉಣ್ಣುತ್ತಿದ್ದ.
ಕತ್ತರಿಸಿದೆ.
ಎಸೆಯಲು ಕೈ ಬರಲಿಲ್ಲ,
ಸೌತೆಯ ಉಪ್ಪಿನಕಾಯಿ ಜಾಡಿ ತೊಳೆದು ನೀರಲ್ಲಿಟ್ಟೆ.
ಬೇರು ಬಿಡಲಿಲ್ಲ.
ಮೂರು ವಾರ ಅಡುಗೆಮನೆಯಲ್ಲಿ ಮಾತ್ರ
ದೊಡ್ಡ ಕಾಡಿನ ವಾಸನೆ.

ಈಗ ಬಾ, ಇತ್ತ, ಉತ್ತರದ ಕಡೆ ಬಗ್ಗು.
ನಾನು ಬಗ್ಗಲಾರೆ, ನೀನು ಬಗ್ಗು.
ಕಂಡಿತೆ? ಕಿರುಬೆರಳಷ್ಟು.
ನಿನ್ನೆ ಕತ್ತರಿ ಸಾಣೆ ಹಿಡಿಸಿ ತಂದೆ,
ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇನೆ.
ಏನು ಮಾಡಬೇಕೆಂದು ಹೇಳಿದೆ ತಾನೆ?
ಹೇಳಲಿಲ್ಲವೆ?

ಸರಿ, ಕತ್ತಲಾಯಿತು, ಬಾವಿಗೆ ಮುಚ್ಚಳ ಹಾಕು.
ಬೆಕ್ಕಿನ ಹೆಸರು ಮಿಂಕಾ.
ಕರೆದರೆ ಬರುವುದಿಲ್ಲ.
ಆದರೂ ಕರೆ.