ಆಟಕ್ಕಿಲ್ಲ, ಲೆಕ್ಕಕ್ಕುಂಟು

ಇರಿಯಾ ಬಂದಳು ಬಂದರಿನಿಂದ ನೇರ ನನ್ನ ಕೋಣೆಗೆ.
ಕೋಟಿನಲ್ಲಿ ಮೀನಿನ ವಾಸನೆ, ಕಣ್ಣಲ್ಲಿ ಮೂರು ರಾತ್ರಿ.
ಐದು ವರ್ಷದ ಕೆಳಗೆ ಇದೇ ಕುರ್ಚಿಯ ತುದಿಯಲ್ಲಿ ಕೂತು
ನನ್ನ ಸಾಧನೆಯ ಏಳನೇ ಹೆಜ್ಜೆಯಲ್ಲಿ ತಪ್ಪು ಹಿಡಿದಿದ್ದ ಹುಡುಗಿ.
ಹತ್ತಕ್ಕೆ ಒಂಬತ್ತೂ ಮುಕ್ಕಾಲು ಕೊಟ್ಟೆ.
ಆ ಕಾಲು ಉಳಿಸಿಕೊಂಡದ್ದು ಸಿಟ್ಟಿಗೆ, ಈಗ ಹೇಳಬಹುದು.

"ಮೇಷ್ಟ್ರೇ, ಸತ್ತ ಸಾಲು ಅಂದರೇನು?"
ಬಾಯಿಪಾಠ ತಾನಾಗಿ ಬಂತು:
ಪ್ರೋಗ್ರಾಮಿನಲ್ಲಿ ಇದ್ದರೂ ಇಲ್ಲದಿದ್ದರೂ
ಉತ್ತರ ಬದಲಾಗದ ಸಾಲು.
ಕಿತ್ತುಹಾಕು, ಯಾರಿಗೂ ಗೊತ್ತಾಗದು.

"ಗೊತ್ತಾಯಿತು" ಅಂದಳು.

ವೀಗೋದ ಹರಾಜುಕಟ್ಟೆಯಲ್ಲಿ ಅವಳಿಗೆ ಕೆಲಸ.
ವಾರದ ಮೀನು ಮಾರಿ ಬಂದ ಹಣದಲ್ಲಿ
ಎಣ್ಣೆ ಕಳೆದು, ಮಂಜುಗಡ್ಡೆ ಕಳೆದು,
ಅರ್ಧ ದೋಣಿಯ ಮಾಲೀಕನಿಗೆ, ಉಳಿದರ್ಧ ಪಾಲು ಪಾಲಾಗಿ:
ನಾಯಕನಿಗೆ ಎರಡು, ಎಂಜಿನ್ನಿನವನಿಗೆ ಒಂದೂವರೆ,
ಬಲೆಯವರಿಗೆ ಒಂದೊಂದು, ಹುಡುಗನಿಗೆ ಮುಕ್ಕಾಲು.
ಅದನ್ನು ಹಂಚುವ ಪ್ರೋಗ್ರಾಮು ಮೂರು ಕೈ ದಾಟಿ ಬಂದದ್ದು.
ಕಡತಗಳ ಹೆಸರು: ಕೊನೇದು. ನಿಜಕ್ಕೂ ಕೊನೇದು. ಮುಟ್ಟಬೇಡಿ.

ಮುಟ್ಟಿದಳು. ಒಳಗೊಂದು ಸಾಲು:
ದೋಣಿ 'ಟ್ರೆಸ್ ಇರ್ಮಾಸ್' ಆದರೆ, ಮೂವತ್ತೊಂದಕ್ಕೆ ಅರ್ಧ ಪಾಲು.
ನಾವಿಕರ ಪಟ್ಟಿಯಲ್ಲಿ ಮೂವತ್ತಿದೆ, ಮೂವತ್ತೆರಡಿದೆ.
ಯಾರೂ ಇಲ್ಲದ ನಂಬರಿಗೆ ಯಾಕೆ ಅರ್ಧ?
ಅಳಿಸಿದಳು. ಇನ್ನೂರ ಹನ್ನೆರಡು ಪರೀಕ್ಷೆ,
ಇನ್ನೂರ ಹನ್ನೆರಡೂ ಹಸಿರು.

ಶುಕ್ರವಾರ ಕಿಟಕಿಯ ಬಳಿ ಡೋರೆಸ್ ಎಂಬ ಹೆಂಗಸು
ಕೊಡೆ ಮಡಚಿ, ಹೋದ ವಾರದ ಚೀಟಿ ಚಾಚಿ,
"ಈ ಸಲದ್ದು ಎಲ್ಲೋ ತಪ್ಪಿಹೋಗಿರಬೇಕು" ಅಂದಳಂತೆ, ಮೆಲ್ಲಗೆ.
ಗುಮಾಸ್ತ ಎಲಾದಿಯೋ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.
ಇಪ್ಪತ್ತಾರು ವರ್ಷದ ಹಿಂದಿನ ಡಿಸೆಂಬರು,
ಮೂವತ್ತೊಂದನೆಯವನನ್ನು ಅಲೆ ಎತ್ತಿಕೊಂಡಿತು, ತಿರುಗಿ ಕೊಡಲಿಲ್ಲ.
ಆ ರಾತ್ರಿ ಹೆಂಡದ ಮೇಜಿನ ಸುತ್ತ ಉಳಿದವರೆಲ್ಲ ಆಡಿದ ಮಾತು:
ಅವಳಿರುವ ತನಕ ಅರ್ಧ ಪಾಲು.
ಕಾಗದವಿಲ್ಲ, ಸಹಿಯಿಲ್ಲ.
ಬರೆದಿಟ್ಟದ್ದು ಒಂದೇ ಕಡೆ.

ಶುದ್ಧ ಅರ್ಥದಲ್ಲಿ ಅದು ಸತ್ತ ಸಾಲೇ ಅಲ್ಲವಲ್ಲ,
ಹಣ ಕೊಡುತ್ತಿತ್ತಲ್ಲ, ಅನ್ನಲು ಬಾಯಿ ತೆರೆದೆ.
ಅವಳ ಮುಖ ನೋಡಿ ಮುಚ್ಚಿದೆ.

ಚಿಕ್ಕವರಿಗೆ ಅನ್ನುತ್ತೇವೆ, ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಇವನು ಆಟಕ್ಕಿಲ್ಲ. ಲೆಕ್ಕಕ್ಕುಂಟು.

"ಯಾವ ಸೆಮಿಸ್ಟರಿನಲ್ಲಿತ್ತು ಮೇಷ್ಟ್ರೇ ಇದು?"
ಮೂವತ್ತು ವರ್ಷ ಹೇಳಿಕೊಟ್ಟೆ, ಊರೂರು ಸುತ್ತುವ ವ್ಯಾಪಾರಿಯ ಕತೆ,
ಅತಿ ಹತ್ತಿರದ ದಾರಿ ಯಾವುದೆಂದು.
ಅವನು ಏನು ಮಾರುತ್ತಿದ್ದ? ಯಾರಲ್ಲಿ ಬಾಕಿ ನಿಂತಿತ್ತು?
ಒಬ್ಬರೂ ಕೇಳಲಿಲ್ಲ. ನಾನೂ.
ಐದು ತತ್ವಜ್ಞಾನಿಗಳನ್ನು ದುಂಡು ಮೇಜಿಗೆ ಕೂರಿಸಿ
ಫೋರ್ಕಿಗಾಗಿ ಕಾಯಿಸಿದೆ, ಸಾವಿರ ಸಲ.
ಬಿಲ್ಲು ಕೊಟ್ಟವರ್ಯಾರೋ.

ಪುಸ್ತಕದ ಬದನೆಕಾಯಿ ಅಂದುಬಿಡುತ್ತಾಳೆ ಎಂದು ಕಾದೆ.
ಅನ್ನಲಿಲ್ಲ. ಬೇರೇನೋ ಹೇಳಿದಳು:
ಭಾಗಿಸಿದಾಗ ಉಳಿಯುವ ಒಂದು ಸೆಂಟು
ವಾರವಾರವೂ ಮಾಲೀಕನ ಕಡೆಗೇ ಉರುಳುತ್ತಿತ್ತು.
ಎಲಾದಿಯೋಗೆ ಕಂಡಿರಲಿಲ್ಲ, ಇವಳಿಗೆ ಕಂಡಿತು,
ಅದೇ ಏಳನೇ ಹೆಜ್ಜೆಯ ಕಣ್ಣಿಗೆ.
ಎಲ್ಲ ಕೂಡಿದರೂ ಒಂದು ಒಳ್ಳೆಯ ಊಟದ ದುಡ್ಡು.
ಈಗ ಅದು ಹುಡುಗನಿಗೆ ಹೋಗುತ್ತದೆ.

ಸಾಲನ್ನು ಮರಳಿ ಇಟ್ಟಿದ್ದಾಳೆ, ಪಕ್ಕಕ್ಕೆ ಅವನ ಹೆಸರು,
ಇನ್ನೂರ ಹದಿಮೂರನೆಯ ಪರೀಕ್ಷೆ.
ಒಂದೇ ಉಳಿದದ್ದು: ಈ ಸಾಲು ನಿಲ್ಲುವುದು ಯಾವಾಗ?
ಅವಳಿರುವ ತನಕ ಎಂಬುದನ್ನು ಯಂತ್ರಕ್ಕೆ ತಿಳಿಸುವವರು ಯಾರು?

ನಿಲ್ಲುತ್ತದೋ ಇಲ್ಲವೋ ಮೊದಲೇ ಹೇಳಬಲ್ಲ ಪ್ರೋಗ್ರಾಮು ಇಲ್ಲ:
ನನ್ನ ಅತಿ ಮೆಚ್ಚಿನ ಪ್ರಮೇಯ. ಹಲಗೆಯ ಮೇಲೆ ಬರೆಯಲು
ನಲವತ್ತು ನಿಮಿಷ ಬೇಕು. ಸುಣ್ಣದ ಕಡ್ಡಿ ಎತ್ತಿಕೊಂಡೆ.

"ಎಲಾದಿಯೋನನ್ನೂ ಕೇಳಿದೆ" ಅಂದಳು, ಕೋಟಿನ ಗುಂಡಿ ಹಾಕುತ್ತ.
"ಶುಕ್ರವಾರ ಬರದಿದ್ದರೆ, ಹೋಗಿ ಬಾಗಿಲು ತಟ್ಟು ಅಂದ."